ಬೆನ್ನ ಹಿಂದಿನ ಕೈ

ಬೈಕುಲ್ಲಾದ ನಮ್ಮ ಆಸ್ಪತ್ರೆಯಲ್ಲಿ ತಿಂಗಳು ತುಂಬದೆ ಹುಟ್ಟಿದ ಕೂಸುಗಳ ವಾರ್ಡಿಗೆ ಅವರೇ ದೊಡ್ಡ ಡಾಕ್ಟರು. ಧಾರವಾಡದ ಹೆಣ್ಣುಮಗಳು. ನಾನು ಅಲ್ಲಿ ನರ್ಸ್. ಮಷೀನಿನ ಅಂಕಿ ನೋಡುವ ಮೊದಲು ಅವರು ಕನ್ನಡಕವನ್ನು ತಲೆಗೇರಿಸಿ, ಕೂಸಿನ ಎದೆ ಏರಿಳಿಯುವುದನ್ನೇ ಬಗ್ಗಿ ನೋಡುತ್ತಿದ್ದರು. ಮೂಗಿಗೆ ಸಣ್ಣ ನಳಿಕೆ ಇಟ್ಟು ಗಾಳಿಯ ಒತ್ತಾಸೆ ಕೊಟ್ಟರೆ ಸಾಕೋ, ಗಂಟಲೊಳಗೆ ನಳಿಕೆ ಇಳಿಸಿ ವೆಂಟಿಲೇಟರಿಗೇ ಉಸಿರು ಒಪ್ಪಿಸಬೇಕೋ ಎಂಬುದು ಆಗಲೇ ತೀರ್ಮಾನವಾಗುತ್ತಿತ್ತು.

"ಲೋಕಲ್ ರೈಲು ಹತ್ತೋರಿಗೆ ಹಿಂದಿಂದ ಒಂದು ಕೈ ಸಾಕು. ಎತ್ತಿ ಒಳಗ ಒಗೀಬಾರದು," ಎನ್ನುತ್ತಿದ್ದರು.

ಒಮ್ಮೆ ವಿಜಯಪುರ ಕಡೆಯ ಗಾರೆ ಕೆಲಸದವನೊಬ್ಬನ ಗಂಡುಕೂಸು ವಾರ್ಡಿಗೆ ಬಂತು. "ದೊಡ್ಡ ಮಷೀನ್ ಹಚ್ರೀ ಮೇಡಂ," ಎಂದು ಅಪ್ಪ ಕೈಮುಗಿದ.

"ಬ್ಯಾಡೋ ತಮ್ಮಾ, ನಿನ್ನ ಮಗ ತಾನ ಉಸಿರಾಡಾಕತ್ತಾನ."

ಅದು ಬೆಳಿಗ್ಗೆಯ ಮಾತು. ಮಧ್ಯಾಹ್ನ ಪ್ರತಿ ಉಸಿರಿಗೂ ಕೂಸಿನ ಪಕ್ಕೆ ಒಳಗೆ ಕುಸಿಯತೊಡಗಿತು. ನಡುನಡುವೆ ಉಸಿರೇ ನಿಲ್ಲುತ್ತಿತ್ತು. ಬಗ್ಗಿ ನೋಡಿದ ಡಾಕ್ಟರು ಗಂಟಲಿಗೆ ನಳಿಕೆ ಇಳಿಸಿದರು. ಆಮೇಲೆ ತಾವೇ ಹೊರಗೆ ಹೋಗಿ, ಅಪ್ಪನ ಪಕ್ಕ ಬೆಂಚಿನ ಮೇಲೆ ಕೂತರು.

"ಬ್ಯಾಡ ಅಂದಿದ್ನಲ್ಲ, ಈಗ ಹಚ್ಚೀನಿ. ಕೂಸು ದಣದೈತಿ. ದಣದವರಿಗೆ ಸೀಟ್ ಕೊಡೂದಿಲ್ಲೇನು?"

"ಮತ್ತ ಏಳ್ತಾನ್ರೀ?"

"ದಣಿವು ಆರಿದ್ರ ಏಳ್ತಾನ. ನಾ ಇಲ್ಲೇ ಇರ್ತೀನಿ."

ಆ ವಾರವೇ ಗಂಟಲಿನ ನಳಿಕೆ ತೆಗೆದೆವು. ಮೂಗಿನದೇ ಸಾಕಾಯಿತು.

ಅವರು ನಿವೃತ್ತರಾಗಿ ಧಾರವಾಡಕ್ಕೆ ಹೋಗಿಬಿಟ್ಟರು. ಈಗಲೂ ಲೋಕಲ್ ಹತ್ತುವಾಗ ಬೆನ್ನಿಗೆ ಯಾರದೋ ಕೈ ತಾಗಿದರೆ, ನಾನು ತಿರುಗಿ ನೋಡುತ್ತೇನೆ.