ಹೂವಂಗಡಿಯ ಗೂಢಚಾರಿಣಿ ಮತ್ತು ಎರಡು ಗಂಟೆಯ ಸ್ಕೂಲ್ ಬಸ್ಸು

ದುಬೈಯ ಮಿರ್ದಿಫ್‌ನ ಮಗಳ ಮನೆಯಲ್ಲಿ ಮೊನ್ನೆಮೊನ್ನೆಯವರೆಗೆ ನನಗಿದ್ದ ಕೆಲಸ ಒಂದೇ. ಮಧ್ಯಾಹ್ನ ಎರಡು ಗಂಟೆಗೆ ಕೆಳಗಿಳಿದು, ಸ್ಕೂಲ್ ಬಸ್ಸಿನಿಂದ ಮೊಮ್ಮಗಳನ್ನು ಇಳಿಸಿಕೊಂಡು ಬರುವುದು. ಮಗಳು, ಅಳಿಯ ಇಬ್ಬರೂ ಬೆಳಿಗ್ಗೆ ಏಳಕ್ಕೆ ಆಫೀಸಿಗೆ ಹೊರಟರೆ ಮುಖ ಕಾಣುವುದು ಸಂಜೆ. ಎರಡು ಮಹಡಿ ಇಳಿದು ಹತ್ತುವ ಕೆಲಸಕ್ಕೆ ಒಬ್ಬ ಮುದುಕಿ ವರ್ಷಗಟ್ಟಲೆ ಹಲ್ಲು ಕಡಿಯಬೇಕೇ ಎಂದರೆ, ಕಡಿಯಬೇಕು. ಯಾಕೆಂದರೆ ಹಳೇ ಇಂಗ್ಲಿಷ್ ಸಿನಿಮಾ ಹಾಕುವ ಚಾನೆಲಿನಲ್ಲಿ ಮಧ್ಯಾಹ್ನದ ಸಿನಿಮಾ ಶುರುವಾಗುವುದು ಹನ್ನೆರಡೂವರೆಗೆ, ಮುಗಿಯುವುದು ಎರಡೂ ಕಾಲಿಗೆ. ಬಸ್ಸು ಮಾತ್ರ ಒಂದು ದಿನವೂ ತಡವಾಗುವುದಿಲ್ಲ. ಊರಿನ ಬಸ್ಸಾಗಿದ್ದರೆ ಈ ಕಷ್ಟ ಇರುತ್ತಿರಲಿಲ್ಲ.

ಶುಕ್ರವಾರ ಸ್ಕೂಲಿಲ್ಲ. ಆದರೆ ಅವತ್ತು ಬೆಳಿಗ್ಗೆ ಬರ್ ದುಬೈಯ ದೇವಸ್ಥಾನ, ಆಮೇಲೆ ಅಳಿಯನ ಅಣ್ಣನ ಮನೆಗೆಂದು ಅಬುಧಾಬಿಯ ಖಲೀಫಾ ಸಿಟಿಗೆ ಸವಾರಿ. ಶನಿವಾರ ಟಿವಿ ಮೊಮ್ಮಗಳದ್ದು, ಕಾರ್ಟೂನು. ಬೇಸಿಗೆ ರಜೆಯಲ್ಲಿ ನಾವೆಲ್ಲ ಉಡುಪಿಯಲ್ಲಿ. ರಂಜಾನಿನಲ್ಲಿ ಸ್ಕೂಲು ಬೇಗ ಬಿಡುವುದರಿಂದ ಬಸ್ಸು ಇನ್ನೂ ಮೊದಲೇ ಬಂದು ನಿಲ್ಲುತ್ತದೆ. ಹೀಗೆ ನಾನು ಎಷ್ಟೋ ಸಿನಿಮಾ ನೋಡಿದ್ದೆ, ಒಂದರ ಕೊನೆಯನ್ನೂ ನೋಡಿರಲಿಲ್ಲ.

ಅದರಲ್ಲೂ ನನಗೆ ಬೇಕಾದದ್ದು ಯುದ್ಧಕಾಲದ ಗೂಢಚಾರರ ಸಿನಿಮಾ. ಕಪ್ಪು ಬಿಳುಪಿನವು. ಅವನ್ನು ನೋಡಿ ನೋಡಿ ನನಗೆ ಕೆಲವು ವಿಷಯ ಖಚಿತವಾಗಿವೆ. ಶತ್ರುವಿನ ಕಡೆಯವನು ಪಿಯಾನೋ ಬಹಳ ಚೆನ್ನಾಗಿ ನುಡಿಸುತ್ತಾನೆ. ಯಾರು ಜಾಸ್ತಿ ದೇಶಭಕ್ತಿ ಮಾತಾಡುತ್ತಾನೋ ಅವನ ಸೂಟ್‌ಕೇಸಿನಲ್ಲಿ ರೇಡಿಯೋ ಇರುತ್ತದೆ. ಪೊಲೀಸರಿಗಿಂತ ಮೊದಲು ಅಡುಗೆಯವಳಿಗೆ ಎಲ್ಲ ಗೊತ್ತಿರುತ್ತದೆ. ಆದರೆ ಇಷ್ಟೆಲ್ಲ ಗೊತ್ತಿದ್ದು ಏನು ಪ್ರಯೋಜನ? ಯಾರು ಸಿಕ್ಕಿಬಿದ್ದರು, ಯಾರು ತಪ್ಪಿಸಿಕೊಂಡರು ಎಂಬುದು ಗೊತ್ತಾಗುವ ಹೊತ್ತಿಗೆ ನಾನು ಬಿಸಿಲಲ್ಲಿ ನೀರಿನ ಬಾಟಲಿ ಹಿಡಿದು ನಿಂತಿರುತ್ತಿದ್ದೆ.

ನನಗೆ ಇಂಗ್ಲಿಷ್ ಬಾರದು. ಪರದೆಯ ಕೆಳಗೆ ಓಡುವುದು ಅರಬ್ಬಿ ಅಕ್ಷರ. ಹಾಗಾಗಿ ಎದುರು ಮನೆಯ ಬಾಯಮ್ಮನೇ ಗತಿ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದೇ ಹಾಗೆ. ಮಂಗಳೂರಿನ ಕೊಂಕಣಿಯವರು. ಮೂವತ್ತು ವರ್ಷ ಅಬುಧಾಬಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು, ಈಗ ಮಗನ ಜೊತೆ ಇಲ್ಲಿದ್ದಾರೆ. ನಾನು ಗಂಜಿ ಉಂಡು, ಅವರು ಪ್ರಾರ್ಥನೆ ಮುಗಿಸಿ ಬರುವಷ್ಟರಲ್ಲಿ ಸಿನಿಮಾದ ಹೆಸರು ಹೋಗಿ ಹತ್ತು ನಿಮಿಷ ಆಗಿರುತ್ತದೆ. ಆಮೇಲೆ ನನ್ನ ಪಕ್ಕ ಕೂತು ಪ್ರತಿ ಮಾತನ್ನೂ ಕನ್ನಡದಲ್ಲಿ ಹೇಳುತ್ತಾರೆ, ಮುತ್ತು ಕೊಡುವಾಗ ಮಾತ್ರ ಕಿಟಕಿಯ ಕಡೆ ನೋಡುತ್ತಾರೆ. ಎರಡು ಗಂಟೆಗೆ ನಾನು ಎದ್ದರೂ ಅವರು ಕೂತಿರುತ್ತಿದ್ದರು. ನಾನು ಬಂದ ಮೇಲೆ ಕೊನೆ ಏನಾಯಿತೆಂದು ಹೇಳುತ್ತಿದ್ದರು.

ಇದರಲ್ಲಿ ಒಂದು ಸಿನಿಮಾದ ಸಾಲ ಐವತ್ತು ವರ್ಷ ಹಳೆಯದು. ಮದುವೆಯಾದ ಹೊಸತರಲ್ಲಿ ನನ್ನ ಗಂಡ ನನ್ನನ್ನು ಮಂಗಳೂರಿಗೆ ಕರೆದುಕೊಂಡು ಹೋಗಿ ಒಂದು ಇಂಗ್ಲಿಷ್ ಸಿನಿಮಾ ತೋರಿಸಿ, ಕಥೆಯನ್ನು ಕಿವಿಯಲ್ಲಿ ಹೇಳುತ್ತಾ ಹೋಗಿದ್ದರು. ಬಂದರಿನ ಊರು. ಹೂವಿನ ಅಂಗಡಿ ಇಟ್ಟ ಒಬ್ಬಳು. ದಿನಾ ಹೂ ಕೊಳ್ಳಲು ಬರುವ ನೌಕಾಪಡೆಯ ಅಧಿಕಾರಿ. ಕಿಟಕಿಯಲ್ಲಿ ಅವಳು ಎಷ್ಟು ಗೊಂಚಲು ಇಡುತ್ತಾಳೋ ಅಷ್ಟು ಹಡಗು ಹೊರಡುತ್ತದೆಂದು ಶತ್ರುವಿಗೆ ಸುದ್ದಿ. ಅವಳ ತಮ್ಮ ಶತ್ರುವಿನ ಸೆರೆಯಲ್ಲಿದ್ದ, ಅದಕ್ಕೇ ಈ ಕೆಲಸ; ಅವನು ಆಮೇಲೆ ಏನಾದನೆಂಬುದು ನನಗೆ ಮರೆತೇ ಹೋಗಿತ್ತು. ಕೊನೆಗೆ ಅಧಿಕಾರಿಗೆ ಎಲ್ಲ ಗೊತ್ತಾಗಿ, ಮಂಜು ಕವಿದ ರೈಲು ನಿಲ್ದಾಣಕ್ಕೆ ಅವಳನ್ನು ಹುಡುಕಿಕೊಂಡು ಬರುತ್ತಾನೆ. ಅಷ್ಟರಲ್ಲಿ ನನ್ನ ಗಂಡ ಎದ್ದು ನಿಂತರು. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕೆಂದು ಮಾವನವರ ಕಟ್ಟಪ್ಪಣೆ.

ಬಸ್ಸಿನಲ್ಲಿ ಕೇಳಿದೆ. "ಅವ ಅವಳನ್ನು ಹಿಡಿದುಕೊಟ್ಟನಾ, ಬಿಟ್ಟನಾ?"

"ಬಿಟ್ಟಿರ್ತಾನೆ ಮಾರಾಯ್ತಿ."

"ನಿಮ್ಗೆ ಹೇಗೆ ಗೊತ್ತು?"

"ನಾನಾದ್ರೆ ಬಿಡ್ತಿದ್ದೆ."

ಅವರು ಬಿಡುತ್ತಿದ್ದರೋ ಇಲ್ಲವೋ ಎಂಬುದು ನನ್ನ ಪ್ರಶ್ನೆಯಾಗಿರಲಿಲ್ಲ. ಅವರು ಹೋಗಿ ಎಷ್ಟೋ ವರ್ಷವಾಯಿತು. ಪ್ರಶ್ನೆ ಹಾಗೇ ಉಳಿಯಿತು.

ಹೋದ ವರ್ಷ ಒಂದು ಮಧ್ಯಾಹ್ನ ಟಿವಿ ಹಾಕಿದರೆ ಅದೇ ಹೂವಂಗಡಿ! ನನ್ನ ಕೈಯ ಮಜ್ಜಿಗೆ ಲೋಟ ಓರೆಯಾಗಿ ಬಾಯಮ್ಮನ ಗೌನ್ ಒದ್ದೆಯಾಯಿತು. ಸಿನಿಮಾ ನೋಡುವುದಕ್ಕಿಂತ ಗಡಿಯಾರ ನೋಡಿದ್ದೇ ಹೆಚ್ಚು. ತಮ್ಮನ ಜೈಲಿನ ದೃಶ್ಯ ಶುರುವಾಗುವಾಗ ಎರಡಕ್ಕೆ ಐದು ನಿಮಿಷ. ಶಪಿಸುತ್ತಾ ಇಳಿದೆ. ಮೊಮ್ಮಗಳನ್ನು ಎಳೆದುಕೊಂಡೇ ಬಂದೆ. ಬಾಯಮ್ಮ ಸೋಫಾದಲ್ಲಿ ಶಾಂತವಾಗಿ ಕೂತಿದ್ದರು.

"ಮದ್ವೆ ಆಯ್ತು ಅಕ್ಕ," ಎಂದರು. "ತಮ್ಮ ಜೈಲಿಂದ ಬಿಡುಗಡೆಯಾಗಿ ಮದ್ವೆಗೆ ಬಂದ. ಎರಡು ಮಕ್ಕಳೂ ಆದ್ವು."

"ಮಕ್ಕಳನ್ನು ತೋರಿಸಿದ್ರಾ?"

"ತೊಟ್ಟಿಲು ತೋರಿಸಿದ್ರು."

ನನಗೆ ನಂಬಿಕೆ ಬರಲಿಲ್ಲ. ಹಿಂದಿನ ವಾರದ ಸಿನಿಮಾದಲ್ಲೂ ಗೂಢಚಾರ ಪಶ್ಚಾತ್ತಾಪಪಟ್ಟು ತಾಯಿಯ ಬಳಿಗೆ ಹೋದನೆಂದು ಇವರೇ ಹೇಳಿದ್ದರು. ಅದರ ಹಿಂದಿನದರಲ್ಲಿ ಪಿಯಾನೋದವನು ಇಗರ್ಜಿ ಸೇರಿ ಪಾದ್ರಿಯಾಗಿದ್ದನಂತೆ. ಇಷ್ಟು ದೊಡ್ಡ ಯುದ್ಧದಲ್ಲಿ ಒಬ್ಬನೂ ಸಾಯುವುದಿಲ್ಲವೆಂದರೆ ಹೇಗೆ?

ಎರಡು ತಿಂಗಳ ಮೇಲೆ, ಜಾಹೀರಾತಿನ ನಡುವೆ ಮರುದಿನದ ಸಿನಿಮಾದ ತುಣುಕು ಬಂತು. ಹೂವಂಗಡಿ. ಹೆಸರನ್ನು ಅರಬ್ಬಿಯಲ್ಲಿ ಹೇಳಿ ಮುಗಿಸಿದರು. ನಾನು ಆ ಕ್ಷಣವೇ ತೀರ್ಮಾನಿಸಿದೆ. ಈ ಸಲ ಕೊನೆಯನ್ನು ನನ್ನ ಕಣ್ಣಿಂದಲೇ ನೋಡುವುದು.

"ಬಾಯಮ್ಮ, ನಾಳೆ ಬಸ್ಸಿಗೆ ನೀವು ಹೋಗಿ."

"ನಾನಾ? ಆ ಬಸ್ಸಿನ ಆಂಟಿ ನನಗೆ ಮಗು ಕೊಡ್ಲಿಕ್ಕುಂಟಾ? ಕಾರ್ಡು ಬೇಕಲ್ಲ, ಫೋಟೋ ಇದ್ದದ್ದು."

ಅದು ನಿಜ. ಸ್ಕೂಲಿನಿಂದ ಕೊಟ್ಟ ಕಾರ್ಡಿನಲ್ಲಿ ಯಾರ ಫೋಟೋ ಇದೆಯೋ ಅವರ ಕೈಗೇ ಸಣ್ಣ ಮಕ್ಕಳನ್ನು ಕೊಡುವುದು ಇಲ್ಲಿನ ಕಟ್ಟುನಿಟ್ಟು. ಆದರೆ ಅದೇ ವಾರ ಬಸ್ಸಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹಳೇ ಆಂಟಿ ಕೇರಳಕ್ಕೆ ಹೋಗಿ ಹೊಸಬಳು ಬಂದಿದ್ದಳು. ಅವಳು ಕಾರ್ಡು ನೋಡುತ್ತಿದ್ದಳೇ ಹೊರತು ಮುಖ ನೋಡುತ್ತಿರಲಿಲ್ಲ.

"ಕಾರ್ಡು ನಾನು ಕೊಡ್ತೇನೆ. ಆ ಫೋಟೋದಲ್ಲಿ ಕಾಣುವುದೆಂತ? ಬಿಳಿ ಕೂದಲು, ಕನ್ನಡಕ, ಸೀರೆ. ಕೂದಲು ನಿಮ್ಗುಂಟು, ಕನ್ನಡಕ ಉಂಟು."

"ಸೀರೆ?"

"ಅದು ನನ್ನ ಕಪಾಟಿನಲ್ಲುಂಟು."

"ಜೇಜು! ಈ ಪ್ರಾಯದಲ್ಲಿ ನನ್ನನ್ನು ಜೈಲಿಗೆ ಹಾಕಿಸ್ತೀರಾ ಅಕ್ಕ?"

ಮಗಳಿಗೆ ಹೇಳಲಿಲ್ಲ. ಹೇಳಿದ್ದರೆ "ಒಂದು ಸಿನಿಮಾಕ್ಕಾ ಅಮ್ಮಾ?" ಎನ್ನುತ್ತಿದ್ದಳು. ಆ ಪ್ರಶ್ನೆ ಕೇಳಿದರೆ ನನಗೆ ಮೈ ಉರಿಯುತ್ತದೆ.

ಮರುದಿನ ಸಿನಿಮಾದ ಹೆಸರು ಬರುವಾಗ ನಾವಿಬ್ಬರೂ ಒಳಕೋಣೆಯಲ್ಲಿ ನೆರಿಗೆ ಹಿಡಿಯುತ್ತಿದ್ದೆವು. ಊರಿಗೆ ಹೋದಾಗ ಮದುವೆಗೆಂದು ನಾಲ್ಕು ಸಲ ಸೀರೆ ಉಟ್ಟದ್ದು ಬಿಟ್ಟರೆ ಬಾಯಮ್ಮನಿಗೆ ಅದರ ಅಭ್ಯಾಸವಿಲ್ಲ. ಹದಿನಾಲ್ಕು ಪಿನ್ನು ಚುಚ್ಚಿದೆ. ಕೊನೆಗೆ ಕನ್ನಡಿಯಲ್ಲಿ ಅಂಟಿಸಿಟ್ಟಿದ್ದ ನನ್ನ ಸಣ್ಣ ಕಪ್ಪು ಬೊಟ್ಟು ತೆಗೆದೆ.

"ಅದು ಬೇಡ ಅಕ್ಕ. ಮೇಲಿನವ ನೋಡ್ತಾನೆ."

"ಮೇಲಿನವನಿಗೆ ಹೇಗೂ ಗೊತ್ತುಂಟು. ಬಸ್ಸಿನವಳಿಗೆ ಗೊತ್ತಾಗಬಾರ್ದು, ಅಷ್ಟೆ."

ಎರಡಕ್ಕೆ ಐದು ನಿಮಿಷವಿರುವಾಗ ಬಾಯಮ್ಮ ಕೊರಳಿಗೆ ಕಾರ್ಡು ಹಾಕಿಕೊಂಡು, ಸೆರಗು ಬಿಗಿಹಿಡಿದು, ಲಿಫ್ಟಿನೊಳಗೆ ಹೋದರು. ನಾನು ಬಾಗಿಲು ಹಾಕಿ ಟಿವಿಯ ಮುಂದೆ ಕೂತೆ. ಜೈಲಿನ ದೃಶ್ಯ ಬಂತು. ಗೋಡೆಗೆ ನಿಲ್ಲಿಸಿ ತಮ್ಮನಿಗೆ ಢಂ ಎಂದು ಗುಂಡು ಹೊಡೆದರು. ನನಗೆ ಇಂಗ್ಲಿಷ್ ಬಾರದಿದ್ದರೂ ಸತ್ತದ್ದು ಗೊತ್ತಾಗುತ್ತದೆ. ಸತ್ತವನು ಮದುವೆಗೆ ಬಂದದ್ದು ಹೇಗೆ ಎಂದು ಯೋಚಿಸುತ್ತಿರುವಾಗಲೇ ಮಂಜು ಕವಿಯಿತು, ರೈಲು ಕೂಗಿತು, ಅಧಿಕಾರಿಯ ಟೋಪಿ ಕಂಡಿತು. ನನ್ನ ಫೋನು ಹೊಡೆದುಕೊಂಡಿತು.

ಮಗಳು. "ಅಮ್ಮಾ, ಎಲ್ಲಿದ್ದೀರಿ? ಯಾರೋ ನಿಮ್ಮ ವೇಷ ಹಾಕಿ ಮಗು ಕೊಂಡೋಗ್ಲಿಕ್ಕೆ ಬಂದಿದ್ದಾರಂತೆ! ಬಸ್ಸಿನವರು ಪೊಲೀಸಿಗೆ ಹೇಳ್ತೇವೆ ಅಂತಿದ್ದಾರೆ!"

ಪೊಲೀಸ್ ಎಂದ ಮೇಲೆ ಇನ್ನೆಂಥ ಸಿನಿಮಾ. ಓಡಿದೆ. ಕೆಳಗೆ ಬಸ್ಸಿನ ಕಿಟಕಿಗಳ ತುಂಬ ಮಕ್ಕಳ ತಲೆ. ಮೆಟ್ಟಿಲ ಮೇಲೆ ಮೊಮ್ಮಗಳನ್ನು ತಬ್ಬಿ ಹಿಡಿದ ಹೊಸ ಆಂಟಿ. ಕೆಳಗೆ ಸೀರೆಯೊಳಗೆ ಬೆವರುತ್ತಾ ಬಾಯಮ್ಮ. ಆಂಟಿ ಕಾರ್ಡು ನೋಡಿ ತಲೆಯಾಡಿಸಿದ್ದಳಂತೆ. ಎಲ್ಲ ಸರಿಯಾಗಿಯೇ ನಡೆದಿತ್ತಂತೆ. ಅಷ್ಟರಲ್ಲಿ ಆರು ವರ್ಷದ ಈ ಮಹಾರಾಯ್ತಿ ಇಡೀ ಬಸ್ಸಿಗೆ ಕೇಳುವಂತೆ, "ಬಾಯಮ್ಮ ಆಂಟಿ! ವೈ ಆರ್ ಯೂ ವೇರಿಂಗ್ ಮೈ ಅಜ್ಜೀಸ್ ಸಾರಿ?" ಎಂದಳಂತೆ.

ನಾನು ಎಲ್ಲ ಲೆಕ್ಕ ಹಾಕಿದ್ದೆ, ಮೊಮ್ಮಗಳನ್ನು ಸಂಚಿನೊಳಗೆ ಸೇರಿಸಿಕೊಳ್ಳುವುದನ್ನೇ ಮರೆತಿದ್ದೆ. ಆಂಟಿಗೆ ಕೈಮುಗಿದು, ನನ್ನ ಎಮಿರೇಟ್ಸ್ ಐಡಿ ತೋರಿಸಿ, ಫೋನಿನಲ್ಲಿ ಮಗಳ ಹತ್ತಿರ ಹೇಳಿಸಿ ಮೇಲೆ ಬರುವಷ್ಟರಲ್ಲಿ ಟಿವಿಯಲ್ಲಿ ಯಾರೋ ಕುದುರೆ ಓಡಿಸುತ್ತಿದ್ದರು. ಬೇರೆ ಸಿನಿಮಾ.

ನಾನು ಬಾಯಮ್ಮನ ಕಡೆ ತಿರುಗಿದೆ. "ತಮ್ಮ ಸತ್ತ. ನಾನೇ ನೋಡಿದೆ. ಸತ್ತವ ಮದ್ವೆಗೆ ಹೇಗೆ ಬಂದ?"

ಅವರು ಒಂದೊಂದೇ ಪಿನ್ನು ತೆಗೆಯತೊಡಗಿದರು.

"ಹೇಳಿ ಬಾಯಮ್ಮ. ಹೋದ ಸಲ ಕಡೆಗೆ ಎಂತ ಆಯ್ತು?"

"ನಂಗೆ ಗೊತ್ತಿಲ್ಲ ಅಕ್ಕ."

"ಹಾಗಂದ್ರೆ?"

"ನೀವು ಬಾಗಿಲು ಹಾಕಿದ ಕೂಡ್ಲೆ ನಾನು ಟಿವಿ ಬಂದ್ ಮಾಡ್ತೇನೆ." ಬೊಟ್ಟು ತೆಗೆದು ನನ್ನ ಅಂಗೈಗೆ ಅಂಟಿಸಿದರು. "ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಕಡೇ ಗಳಿಗೆಯೇ ನೋಡಿದ್ದು. ಒಬ್ಬೊಬ್ಬರು ಕೈ ಹಿಡ್ಕೊಂಡು ಬಿಡ್ತಿರ್ಲಿಲ್ಲ. ಇನ್ನು ಸಿನಿಮಾದಲ್ಲೂ ನೋಡ್ಬೇಕಾ?"

"ಮತ್ತೆ ನನಗೆ ಹೇಳಿದ್ದೆಲ್ಲ?"

"ನೀವು ಅಷ್ಟು ಆಸೆಯಿಂದ ಕೇಳ್ತೀರಲ್ಲ. ಬರಿಗೈಲಿ ಕಳಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ."

ಬೈಯಬೇಕೆಂದಿದ್ದವಳು ಅವರ ಸೆರಗಿನ ಪಿನ್ನು ತೆಗೆಯಲು ಕೂತೆ. ಹಾಗೆಂದು ಸಿಟ್ಟು ಇಳಿಯಲಿಲ್ಲ. ಎರಡು ವರ್ಷದಿಂದ ಎಷ್ಟು ಗೂಢಚಾರರಿಗೆ ಇವರು ಮದುವೆ ಮಾಡಿಸಿದ್ದಾರೋ! ಅಷ್ಟೂ ಜನರ ಗತಿ ಈಗ ನನಗೆ ಮತ್ತೆ ಗೊತ್ತಿಲ್ಲದಂತಾಯಿತು.

ಸಂಜೆ ಮಗಳು ಚಪ್ಪಲಿ ಬಿಚ್ಚುವ ಮೊದಲೇ ಶುರು ಮಾಡಿದಳು. "ಇದು ಊರಲ್ಲ ಅಮ್ಮಾ. ಹೀಗೆಲ್ಲ ಆಟ ಆಡ್ಲಿಕ್ಕಿಲ್ಲ ಇಲ್ಲಿ. ನಂಗೊಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು?"

"ಹೇಳಿದ್ರೆ ನೀನು ನಗ್ತಿದ್ದೆ."

"ಈಗ ಇಡೀ ಆಫೀಸು ನಗ್ತಾ ಉಂಟು!" ಎಂದಳು. ಚಪ್ಪಲಿ ಬಿಚ್ಚಿಟ್ಟು ಫೋನು ತೆಗೆದು, "ಸಿನಿಮಾದ ಹೆಸರೆಂತ? ಇಂಟರ್ನೆಟ್ಟಲ್ಲಿ ಹುಡುಕಿ ಕೊಡ್ತೇನೆ."

ಹೆಸರು ಯಾರಿಗೆ ಗೊತ್ತು? ಹೂವಂಗಡಿ, ಹಡಗು, ಮಂಜು ಎಂದೆ. ಅವಳು ಏನೇನೋ ಹೊಡೆದು ನೋಡಿದಳು. ದುಬೈಯಲ್ಲಿ ಹೂಗುಚ್ಛ ಮನೆಗೆ ತಂದುಕೊಡುವ ಅಂಗಡಿಗಳ ಪಟ್ಟಿ ಬಂತು.

ಆದರೆ ಮಗಳು ಒಂದು ಒಳ್ಳೆಯ ಕೆಲಸ ಮಾಡಿದಳು. ಸ್ಕೂಲಿಗೆ ಕ್ಷಮೆ ಬರೆದು, ಫಾರಂ ತುಂಬಿಸಿ, ಬಾಯಮ್ಮನ ಫೋಟೋ ಕೊಟ್ಟು ಅವರ ಹೆಸರಿಗೂ ಒಂದು ಕಾರ್ಡು ಮಾಡಿಸಿದಳು. ಈಗ ಬಾಯಮ್ಮ ಗೌನಿನಲ್ಲೇ ರಾಜಾರೋಷವಾಗಿ ಬಸ್ಸಿಗೆ ಹೋಗುತ್ತಾರೆ. ಹೋಗುವುದೇನು, ಒಂದೂ ಮುಕ್ಕಾಲಿಗೇ ಎದ್ದುಬಿಡುತ್ತಾರೆ. ಕೊನೆ ಹತ್ತಿರ ಬಂದಷ್ಟೂ ಅವರಿಗೆ ಮಗುವಿನ ನೆನಪು ಹೆಚ್ಚು.

ಹೂವಂಗಡಿ ಮೊನ್ನೆ ಮತ್ತೆ ಬಂತು. ಒಬ್ಬಳೇ ಕೂತು ಕೊನೆಯವರೆಗೆ ನೋಡಿದೆ. ನಿಲ್ದಾಣದಲ್ಲಿ ಅಧಿಕಾರಿ ಅವಳ ಎದುರು ನಿಂತು ಎರಡು ನಿಮಿಷ ಮಾತಾಡಿದ, ಇಂಗ್ಲಿಷಿನಲ್ಲಿ. ಅವಳೂ ಏನೋ ಹೇಳಿದಳು. ನಕ್ಕಳೋ ಅತ್ತಳೋ, ಮುಖದ ಮೇಲೆ ಹ್ಯಾಟಿನ ನೆರಳು. ಹಿಂದಿನಿಂದ ಕೋಟು ಹಾಕಿದ ಇಬ್ಬರು ಪೊಲೀಸರು ಬಂದರು. ಅಧಿಕಾರಿ ಒಂದು ಕೈ ಎತ್ತಿದ. ಅಷ್ಟರಲ್ಲಿ ರೈಲಿನ ಹೊಗೆ ಎಲ್ಲವನ್ನೂ ಮುಚ್ಚಿತು, ಬಿಳಿ ಅಕ್ಷರ ಬಂತು, ಮುಗಿಯಿತು. ಕೈ ಎತ್ತಿದ್ದು ಪೊಲೀಸರಿಗೆ ನಿಲ್ಲಿ ಎಂದೋ, ಬನ್ನಿ ಎಂದೋ? ಎರಡು ನಿಮಿಷ ಆ ಪುಣ್ಯಾತ್ಮ ಹೇಳಿದ್ದೇನು? ಹೇಳಬಲ್ಲ ಒಬ್ಬರೇ ಒಬ್ಬರು ಬಸ್‌ಸ್ಟಾಪಿನಲ್ಲಿದ್ದರು.

ಬಾಯಮ್ಮ ಬಾಗಿಲಲ್ಲೇ ನಿಂತು ಕೇಳಿದರು. "ಸತ್ತಳಾ?"

"ಇಲ್ಲ. ಆದ್ರೆ..."

"ಅಷ್ಟು ಸಾಕು ಅಕ್ಕ," ಎಂದು ಮಗುವಿನ ಚೀಲ ಇಳಿಸತೊಡಗಿದರು.

ಸಂಜೆ ಮನೆಯವರ ಮುಂದೆ ನಿಂತು ಅವನು ಎತ್ತಿದ ಹಾಗೆಯೇ ಕೈ ಎತ್ತಿ ತೋರಿಸಿದೆ. ಮಗಳು "ನಿಲ್ಲಿ ಅಂತ" ಎಂದಳು. ಅಳಿಯ "ಬನ್ನಿ ಅಂತಲೇ ಅತ್ತೆ, ಅವ ಮಿಲಿಟರಿಯವ" ಎಂದರು. ಮೊಮ್ಮಗಳು "ಹಿ ಈಸ್ ಸೇಯಿಂಗ್ ಬಾಯ್" ಎಂದಳು.

ಹಾಗಾಗಿ ಈಗ ನನಗೆ ಬೇಕಾದದ್ದು ಇಷ್ಟೆ. ಮುಂದಿನ ಸಲ ಆ ಸಿನಿಮಾ ಬರುವ ದಿನ ಮಗಳು ಅರ್ಧ ದಿನ ರಜೆ ಹಾಕಿ ಬಸ್ಸಿಗೆ ಹೋಗಬೇಕು. ಬಾಯಮ್ಮ ನನ್ನ ಪಕ್ಕದಲ್ಲೇ ಕೂರಬೇಕು, ಬೇಕಿದ್ದರೆ ಕಣ್ಣು ಮುಚ್ಚಿಕೊಳ್ಳಲಿ, ಕಿವಿ ತೆರೆದಿದ್ದರೆ ಸಾಕು. ಫೋನಿನಲ್ಲಿ ಟೈಪ್ ಮಾಡಲು ಕಲಿತ ಮೇಲೆ ಮಗಳಿಗೆ ಕಳಿಸಿದ ಮೊದಲ ಉದ್ದ ಮೆಸೇಜು ಇದೇ. ಒಂದೇ ಬೆರಳಿನಲ್ಲಿ, ಮುಕ್ಕಾಲು ಗಂಟೆ ಕೂತು ಬರೆದೆ.

ಬೆಳಿಗ್ಗೆ ಹತ್ತಕ್ಕೇ, ಅವಳು ಓದಿದ್ದಾಳೆಂದು ತೋರಿಸುವ ಎರಡು ನೀಲಿ ಗೀಟು ಬಂದಿದೆ. ಉತ್ತರ ಬಂದಿಲ್ಲ.