ಆಸ್ಪತ್ರೆಯ ಮೆಟ್ಟಿಲ ಮೇಲೆ ಪುಷ್ಪಲತಾ

ಮೊಳಕಾಲ್ಮೂರಿನ ಆ ಓಣಿಯಲ್ಲಿ ಮನೆಗೊಂದು ಮಗ್ಗ. ಲಾಳಿಯ ಸದ್ದಿನಲ್ಲಿ ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಪುಷ್ಪಲತಾಳ ಮಾವ ಆ ಸದ್ದಿನ ಮರೆಯಲ್ಲೇ ಕೆಮ್ಮಿ ಕೆಮ್ಮಿ ಸತ್ತ.

ಟಿಬಿ ಎಂದು ಅವನಿಗೆ ಗೊತ್ತಿತ್ತು. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಗುಳಿಗೆ ಪುಕ್ಕಟೆ ಕೊಡುತ್ತಾರೆಂಬುದೂ ಗೊತ್ತಿತ್ತು. ಆದರೆ ಅಲ್ಲಿ ನಿಂತರೆ ನಾಲ್ಕು ಜನ ನೋಡುತ್ತಾರೆ, ನೋಡಿದವರು ಸಾಹುಕಾರನಿಗೆ ಹೇಳುತ್ತಾರೆ, ಸಾಹುಕಾರ ರೇಷ್ಮೆ ಕೊಡುವುದನ್ನು ನಿಲ್ಲಿಸುತ್ತಾನೆ. ಅದಕ್ಕೇ ಆತ ಬಸ್ಸು ಹತ್ತಿ ಚಳ್ಳಕೆರೆಗೆ ಹೋಗಿ, ಗುರುತಿಲ್ಲದ ಅಂಗಡಿಯಲ್ಲಿ ಗುಳಿಗೆ ಕೊಳ್ಳುತ್ತಿದ್ದ. ಕೈಯಲ್ಲಿ ಕಾಸಿದ್ದಾಗ ನುಂಗುವುದು, ಇಲ್ಲದಾಗ ಬಿಡುವುದು. ಹಾಗೆ ಬಿಟ್ಟು ಬಿಟ್ಟು ನುಂಗಿದ ಔಷಧಿ ಅವನನ್ನು ಉಳಿಸಲಿಲ್ಲ.

ಅವನು ಹೋದ ಮೇಲೆ ಕೆಮ್ಮು ಸೊಸೆಯ ಎದೆಯಲ್ಲಿ ಕಾಣಿಸಿಕೊಂಡಿತು. ಗಂಡ ಚಂದ್ರಣ್ಣ ದನಿ ತಗ್ಗಿಸಿ, "ನಾಳಿಕ್ಕೆ ಚಳ್ಳಕೆರೆಗೆ ಹೋಗಾನ. ಅಲ್ಲಾದ್ರೆ ಯಾರಿಗೂ ಗೊತ್ತಾಗಲ್ಲ" ಎಂದ.

"ನಿಮ್ಮಪ್ಪ ಹೋದ ದಾರಿಗೇ ನನ್ನೂ ಕರ್ಕೊಂಡು ಹೋಗ್ತೀಯಾ? ಊರಾಗೇ ಕೊಡ್ತಾರೆ, ಊರಾಗೇ ತಗಂತೀನಿ."

ತೆಗೆದುಕೊಂಡಳು. ಮುಖದ ಮೇಲೆ ಸೆರಗೆಳೆಯದೆ ಆಸ್ಪತ್ರೆಗೆ ನಡೆದಳು. ದಿನಾ ಬೆಳಿಗ್ಗೆ ಜಗಲಿಯ ಮೇಲೆ ಕೂತು, ಹೋಗಿ ಬರುವವರ ಕಣ್ಣೆದುರೇ ಗುಳಿಗೆ ನುಂಗಿದಳು. ಸುದ್ದಿ ಕೃಷ್ಣಮೂರ್ತಿಗೆ ಮುಟ್ಟಲು ತಡವಾಗಲಿಲ್ಲ. ಓಣಿಯ ಅರ್ಧ ಮಗ್ಗಗಳಿಗೆ ರೇಷ್ಮೆ ಕೊಟ್ಟು ಸೀರೆ ಪಡೆಯುತ್ತಿದ್ದ ಸಾಹುಕಾರ ಆತ. "ಮೊದಲು ಹುಷಾರಾಗಮ್ಮ, ಆಮ್ಯಾಲೆ ನೋಡಾನ" ಎಂದು ಮಗ್ಗದ ಮೇಲೆ ಉದ್ದಕ್ಕೆ ಬಿಗಿದಿದ್ದ ರೇಷ್ಮೆ ಎಳೆಗಳ ಹಾಸನ್ನೇ ಬಿಚ್ಚಿಸಿಕೊಂಡು ಹೋದ. ಅವಳು ಪೂರ್ತಿ ಹುಷಾರಾದಳು. ಅವನು ಮಾತ್ರ ಹಾಸು ಮರಳಿಸಲಿಲ್ಲ. ಸೀರೆಯ ಒಡಲಲ್ಲಿ ಬುಟ್ಟಾದ ಹೂ ಮೂಡಿಸುವುದರಲ್ಲಿ ಎತ್ತಿದ ಕೈ ಅವಳದು. ಅಂಥವಳು ಬೇರೆಯವರು ಕೊಟ್ಟ ಅಗ್ಗದ ಸಾದಾ ಸೀರೆಗಳನ್ನು ಹಲ್ಲು ಕಚ್ಚಿ ನೇಯತೊಡಗಿದಳು.

ಆಮೇಲೆ ಅವಳ ಜಗಲಿಗೆ ಜನ ಬರತೊಡಗಿದರು, ಕದ್ದುಮುಚ್ಚಿ. ನೂಲು ಸುತ್ತುವ ಮುದುಕಿ ಪಾಪಕ್ಕ ಬಂದಳು, ದೇವಸಮುದ್ರದ ಕುರಿಗಾಹಿ ಓಬಯ್ಯ ಬಂದ. ಪುಷ್ಪಲತಾ ಒಬ್ಬೊಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದು ಗುಳಿಗೆ ಕೊಡಿಸಿದಳು. ಒಬ್ಬರ ಹೆಸರನ್ನು ಇನ್ನೊಬ್ಬರ ಮುಂದೆ ಎತ್ತಲಿಲ್ಲ.

ಆ ವರ್ಷ ಎಲ್ಲ ಕಡೆಯೂ ಟಿಬಿ ಗುಳಿಗೆಗೆ ಬರ ಬಿತ್ತು. ಪಾಪಕ್ಕನ ಗುಳಿಗೆ ತರಲು ಹೋದಾಗ ಡಾಕ್ಟರು ಕೈಚೆಲ್ಲಿದರು. "ಮೇಲಿಂದಾನೇ ಬಂದಿಲ್ಲಮ್ಮ. ಸದ್ಯಕ್ಕೆ ಹೊರಗೆ ತಗೊಳ್ಳಿ, ಬರೆದು ಕೊಡ್ತೀನಿ."

"ನಮ್ಮ ಮಾವಗೂ ಹೊರಗೇ ಸಿಕ್ತಿತ್ತು ಸಾ. ಗುಳಿಗೆ ಮುಗೀತು, ಅವನೂ ಮುಗಿದ."

"ನಾನೇನು ಮಾಡ್ಲಮ್ಮ?"

"ಅಂಗಡೀಲಿ ಐತೆ ಅಂದ್ರೆ ನೀವೇ ತರಿಸಿ ಕೊಡ್ರಿ. ನಾವು ಕೊಳ್ಳಲ್ಲ."

ಅಂದು ಸಂಜೆ ಅವಳು ತಾನು ಗುಳಿಗೆ ಕೊಡಿಸಿದವರ ಮನೆಮನೆಗೆ ಹೋದಳು, ಓಬಯ್ಯನಿಗೂ ಹೇಳಿಕಳಿಸಿದಳು. "ನಾಳೆ ನಾನು ಆಸ್ಪತ್ರೆ ಮೆಟ್ಟಿಲ ಮ್ಯಾಲೆ ಕೂತ್ಕಂತೀನಿ, ಗುಳಿಗೆ ಕೊಡೋ ತನಕ ಏಳಲ್ಲ. ಬರಂಗಿದ್ರೆ ಬರ್ರಿ." ಯಾರೂ ಒಪ್ಪಲಿಲ್ಲ. ಮಗಳಿಗೆ ಗಂಡು ನೋಡುತ್ತಿದ್ದೇವೆ ಎಂದರು ಕೆಲವರು. ಒಂದು ಮನೆಯಲ್ಲಂತೂ "ನಮ್ಮಲ್ಲಿ ಯಾರಿಗೂ ಏನೂ ಇಲ್ಲ" ಎಂದು ಕದ ಹಾಕಿಕೊಂಡರು. ಪಾಪಕ್ಕ ಅತ್ತೇಬಿಟ್ಟಳು. "ನನ್ನ ಕೈಲಿ ನೂಲು ಸುತ್ತಿಸೋರು ಯಾರವ್ವ ಆಮ್ಯಾಲೆ?"

ಮರುದಿನ ಬಿಸಿಲೇರುವವರೆಗೂ ಮೆಟ್ಟಿಲ ಮೇಲೆ ಅವಳೊಬ್ಬಳೇ. ಕಾವಲಿನವನು ಏಳು ಎಂದ, ಏಳಲಿಲ್ಲ. ಹೋಗುವವರು ಬರುವವರು ಅವಳನ್ನು ಸುತ್ತಿ ದಾಟಿದರು. ಇನ್ನು ಯಾರೂ ಬರಲಿಕ್ಕಿಲ್ಲ ಎಂದುಕೊಂಡಳು. ಅಷ್ಟರಲ್ಲಿ ಹೆಗಲ ಮೇಲೆ ಕಂಬಳಿ ಹೊತ್ತ ಓಬಯ್ಯ ಗೇಟು ದಾಟಿ ಬಂದ. "ಎಷ್ಟೊತ್ತಾದ್ರೂ ಕಾಯಾನಮ್ಮಾ. ಕುರಿ ಕಾಯೋನಿಗೆ ಕುಂತ್ಕಳಾದು ಹೊಸದಲ್ಲ" ಎಂದು ಪಕ್ಕದಲ್ಲಿ ಕೂತ. ಅವನ ಹಿಂದೆ ಒಬ್ಬೊಬ್ಬರೇ ಬಂದರು. ಗಂಡಸರ ಮುಖಕ್ಕೆ ಟವೆಲ್ಲು, ಹೆಂಗಸರ ಮುಖಕ್ಕೆ ಸೆರಗು. ಯಾರ ಗುರುತು ಯಾರಿಗೂ ಇಲ್ಲ.

ಆಗ ಕೃಷ್ಣಮೂರ್ತಿಯ ಸ್ಕೂಟರು ಬಂದು ನಿಂತಿತು. "ಏನಮ್ಮಾ ಇದು? ಮೊಳಕಾಲ್ಮೂರು ಸೀರೆ ಅಂದ್ರೆ ಟಿಬಿ ಸೀರೆ ಅನ್ನಬೇಕಾ ಜನ? ಊರ ಮಾನ ಕಳೀಬೇಡ, ಎದ್ದು ಹೋಗು."

ಪುಷ್ಪಲತಾ ಎದ್ದು ನಿಂತಳು, ಹೋಗಲಿಕ್ಕಲ್ಲ. "ಸೀರೆಯಿಂದ ಕಾಯಿಲೆ ಬರಲ್ಲ ಅಂತ ಡಾಕ್ಟ್ರೇ ಹೇಳ್ಯಾರೆ, ಒಳಗೈದಾರೆ ಕೇಳ್ರಿ. ನಮ್ಮ ಮಾವ ಜೀವಮಾನವೆಲ್ಲ ನಿಮಗೇ ನೇಯ್ದ. ನಿಮಗೆ ಹೆದರಿ ಊರಿನ ಔಷಧಿ ಮುಟ್ಟದೆ ಸತ್ತ. ಅವತ್ತು ಹೋಗಲಿಲ್ವಾ ಊರ ಮಾನ?"

ಕೃಷ್ಣಮೂರ್ತಿ ಬಾಯಿ ತೆರೆಯುವ ಮೊದಲೇ, ಹಿಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬಳು ಸೆರಗು ಸರಿಸಿದಳು. ಪಾಪಕ್ಕ! "ನಂಗೂ ಐತೆ ಸಾವ್ಕಾರ್ರೇ. ನೋಡ್ಕಳ್ರಿ" ಎಂದಳು. ಮುಖ ತಿರುಗಿಸಲಿಲ್ಲ. ಅವಳ ಪಕ್ಕದಲ್ಲಿದ್ದವನು ಟವೆಲ್ಲು ತೆಗೆದ. ಅವನು ಅವಳ ಎದುರು ಮನೆಯವನೇ! ಇಷ್ಟು ದಿನ ಒಂದೇ ಓಣಿಯಲ್ಲಿ ಒಬ್ಬರಿಗೊಬ್ಬರು ಹೆದರಿ ಕೆಮ್ಮು ನುಂಗಿಕೊಂಡಿದ್ದವರು ಮುಖ ಮುಖ ನೋಡಿದರು. ಯಾರೋ ನಕ್ಕರು. ಸ್ಕೂಟರು ಯಾವಾಗ ಹೊರಟಿತೋ ಯಾರೂ ಗಮನಿಸಲಿಲ್ಲ.

ಡಾಕ್ಟರು ಹೊರಗೆ ಬಂದು, ಮೆಟ್ಟಿಲ ಮೇಲೆ ನಿಂತೇ ಜಿಲ್ಲೆಯ ಅಧಿಕಾರಿಗಳಿಗೆ ಫೋನು ಹಚ್ಚಿದರು. "ಎಲ್ಲರೂ ಇಲ್ಲೇ ಕೂತಿದ್ದಾರೆ ಸಾರ್, ಗುಳಿಗೆ ಇಲ್ಲದೆ ಏಳಲ್ಲ ಅಂತಾರೆ" ಎಂದರು. ಅವರ ದನಿಯಲ್ಲೂ ಏನೋ ಗೆಲುವಿತ್ತು. ಆಸ್ಪತ್ರೆಯೇ ಅಂಗಡಿಯಿಂದ ಖರೀದಿಸಿ ಹಂಚಲಿ ಎಂಬ ಅಪ್ಪಣೆ ಸಂಜೆಗೆ ಬಂತು. ಮರುದಿನ ಒಂದು ವಾರಕ್ಕಾಗುವಷ್ಟು ಸಿಕ್ಕಿತು. ವಾರ ಮುಗಿದಾಗ ಮತ್ತೆ ತಡವಾಯಿತು, ಮತ್ತೆ ಕೂತರು. ಮಾಮೂಲಿ ಪೂರೈಕೆ ಶುರುವಾಗುವವರೆಗೂ ಹಾಗೇ ನಡೆಯಿತು. ಕದ ಹಾಕಿಕೊಂಡ ಮನೆಯವರು ಕೊನೆಗೂ ಬರಲಿಲ್ಲ. ಪಾಪಕ್ಕನಿಗೆ ಕೆಲವರು ನೂಲು ಕೊಡುವುದನ್ನು ಬಿಟ್ಟರು. ಪುಷ್ಪಲತಾ ತನ್ನ ನೂಲನ್ನೆಲ್ಲ ಸುತ್ತಲು ಅವಳಿಗೇ ಕೊಟ್ಟಳು.

ದೀಪಾವಳಿ ಕಳೆದ ಮೇಲೆ ಕೃಷ್ಣಮೂರ್ತಿ ತಾನೇ ಮನೆಗೆ ಬಂದ. ಕೈಯಲ್ಲಿ ರೇಷ್ಮೆ ಹಾಸು, ದೊಡ್ಡ ಅಂಚಿನ ಸೀರೆಗೆ. "ನಿನ್ನಂಥ ಕೈ ಇನ್ನೊಂದು ಸಿಗಲಿಲ್ಲ. ತಗೋ. ಆದ್ರೆ ಒಂದು ಮಾತು. ಆ ಕೆಮ್ಮೋರನ್ನ ಜಗಲಿಗೆ ಸೇರಿಸಬೇಡ."

ಚಂದ್ರಣ್ಣ ಹೆಂಡತಿಯ ಮುಖ ನೋಡಿದ. ಅವಳ ಬೆರಳು ತಾನಾಗಿ ರೇಷ್ಮೆಯ ಮೇಲೆ ಹರಿಯಿತು, ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

"ನೇಯಾಕೆ ನಂಗೂ ಆಸೆ ಐತ್ರಿ" ಎಂದಳು. "ಆದ್ರೆ ಹಾಸು ನಿಮ್ಮದು, ಜಗಲಿ ನಂದು. ತಗಂಡು ಹೋಗ್ರಿ."

ಆ ಹಾಸು ಬೇರೆ ಮನೆಯ ಮಗ್ಗ ಏರಿತು. ಪುಷ್ಪಲತಾ ಈಗಲೂ ಸಾದಾ ಸೀರೆಯನ್ನೇ ನೇಯುತ್ತಾಳೆ. ಓಬಯ್ಯ ಗುಣವಾಗಿ, ಕುರಿಹಟ್ಟಿಗಳಲ್ಲಿ ಕೆಮ್ಮುವವರನ್ನು ಬಿಡದೆ ಬಸ್ಸು ಹತ್ತಿಸುತ್ತಾನೆ. ದೇವಸಮುದ್ರದ ಬಸ್ಸು ಬಂದ ಮೇಲೆ ಅವಳ ಜಗಲಿಯಲ್ಲಿ ಕೂರಲು ಜಾಗ ಸಿಗುವುದು ಕಷ್ಟ.