ಹೊಲಿಗೆ ಮಷೀನಿನ ದೂರು

ಇಪ್ಪತ್ತು ವರ್ಷ ಠಾಣೆಯಲ್ಲಿ ದೂರು ಬರೆಯುವ ರೈಟರ್ ಆಗಿದ್ದ ನನ್ನನ್ನು ಯಾದಗಿರಿಯಲ್ಲಿ ಹೊಸ ಪೊಲೀಸರಿಗೆ ಪಾಠ ಹೇಳಲು ಹಾಕಿದಾಗ ಉಬ್ಬಿಹೋಗಿದ್ದೆ. ಮಾದರಿ ದೂರನ್ನು ನಾನು ಹೇಳುವುದು, ಅವರು ಬರೆದುಕೊಂಡು ಬಾಯಿಪಾಠ ಮಾಡುವುದು, ಇದೇ ನನ್ನ ಪಾಠ. ‘ಅವಾಚ್ಯ ಶಬ್ದಗಳಿಂದ ಬೈದು, ಜೀವದ ಬೆದರಿಕೆ ಹಾಕಿ’ ಎಂಬ ಸಾಲನ್ನು ಯಾರಾದರೂ ಮರೆತರೆ ಇಡೀ ತರಗತಿಗೆ ನನ್ನಿಂದಲೇ ಅವಾಚ್ಯ ಶಬ್ದಗಳು.

ಒಂದು ದಿನ ನನ್ನ ಹತ್ತಿರ ಕಲಿತುಹೋದ ಕಾನ್‌ಸ್ಟೇಬಲ್ ಒಬ್ಬಳು ಅಳುತ್ತಾ ಫೋನ್ ಮಾಡಿದಳು. ಹೊಲಿಗೆಯಿಂದಲೇ ಬದುಕುವ ರಾಮಸಮುದ್ರದ ಹೆಂಗಸೊಬ್ಬರು ಮದುವೆಗೆಂದು ಸುರಪುರಕ್ಕೆ ಹೋದಾಗ ಮನೆಯಿಂದ ಮಷೀನು ಕಳುವಾಗಿತ್ತು. ಅದು ಶಹಾಪುರದ ಅಂಗಡಿಯೊಂದರಲ್ಲಿ ಸಿಕ್ಕಿತ್ತು. ಅಂಗಡಿಯವನು ಮಷೀನು ತನ್ನದೇ ಎನ್ನುತ್ತಿದ್ದ, ಅವನ ವಕೀಲರು ಇವಳು ಬರೆದುಕೊಂಡ ದೂರನ್ನು ಓದಿ ನಗುತ್ತಿದ್ದರು. ಮನೆಯಲ್ಲೇ ಇಲ್ಲದವರನ್ನು ಕಳ್ಳ ಬೈದದ್ದು ಹೇಗೆ? ಮಷೀನಿನ ಗುರುತಂತೂ ದೂರಿನಲ್ಲಿ ಒಂದೂ ಇರಲಿಲ್ಲ.

“ಹಂಗ್ಯಾಕ ಬರದಿ?” ಎಂದು ರೇಗಿದೆ.

“ನೀವ ಬರಸಿದ್ರಲ್ರಿ ಸರ್.”

ಮುಖಕ್ಕೆ ಹೊಡೆದಂತಾಯಿತು. ನಾಲ್ಕು ದಿನ ಸರಿಯಾಗಿ ಊಟ ಸೇರಲಿಲ್ಲ. ಕೊನೆಗೆ ಆ ಹೆಂಗಸಿನ ಮನೆಗೇ ಹೋಗಿ, ತರಗತಿಗೆ ಬಂದು ನಡೆದದ್ದನ್ನು ಹೇಳಬೇಕೆಂದು ಕೇಳಿಕೊಂಡೆ.

“ನನ್ನ ಮಷೀನ್ ಹೋಗ್ಯಾದ, ನಿಮಗ ಪಾಠದ ಚಿಂತಿ!” ಎಂದರು. ಆದರೂ ಬಂದರು.

ನಾನು ಹಿಂದಿನ ಬೆಂಚಿನಲ್ಲಿ ಕೂತೆ. ನಿಯಮ ಒಂದೇ: ಪ್ರತಿಯೊಬ್ಬರೂ ತಾವು ಬರೆದ ದೂರನ್ನು ಆ ಹೆಂಗಸಿಗೇ ಓದಿ ಹೇಳಬೇಕು, ಅವರು ಹೌದು ಅನ್ನುವವರೆಗೆ ತಿದ್ದಬೇಕು. ಮೊದಲನೆಯವನು ಅಭ್ಯಾಸಬಲದಿಂದ ಬೈಗುಳದ ಸಾಲನ್ನೂ ಸೇರಿಸಿ ಓದಿದ.

“ನಾ ಹಂಗ ಅಂದಿಲ್ಲ. ನಾ ಇದ್ದಿದ್ದು ಸುರಪುರದಾಗ, ನನಗ್ಯಾರ್ ಬೈತಾರ?”

ಎಲ್ಲರೂ ನಕ್ಕರು, ನನಗೆ ನಗು ಬರಲಿಲ್ಲ. ಆಮೇಲೆ ದೇವಾಪುರದವಳೊಬ್ಬಳು ಎದ್ದಳು. ನನ್ನ ಬಾಯಿಪಾಠದಲ್ಲಿ ಎರಡು ಸಲ ಫೇಲಾದವಳು. “ಖಾಲಾ, ಕಣ್ಣು ಮುಚ್ಚಿದ್ರೂ ಇದು ನಂದ ಅಂತ ಹೆಂಗ ಗುರ್ತು ಹಿಡೀತೀರಿ?” ಎಂದು, ಚಿಕ್ಕಮ್ಮನನ್ನು ಕರೆಯುವಂತೆ ಕರೆದು ಕೇಳಿದಳು.

ಅವರು ನಿಜಕ್ಕೂ ಕಣ್ಣು ಮುಚ್ಚಿ ಗಾಳಿಯಲ್ಲಿ ಕೈಯಾಡಿಸಿದರು. “ಮಷೀನಿನ ಹಲಗಿ ಸೀಳಿತ್ತು. ಕೆಳಗ ನನ್ನ ಮಗಳ ಸಾಲಿ ಸ್ಕೇಲ್ ಇಟ್ಟು ಮೊಳಿ ಹೊಡದೀನಿ.”

ಇಪ್ಪತ್ತು ವರ್ಷದಲ್ಲಿ ನಾನು ಯಾರಿಗೂ ಇಂಥ ಪ್ರಶ್ನೆ ಕೇಳಿರಲಿಲ್ಲ. ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಅದೇ ಮಾತನ್ನು ಅವರು ಠಾಣೆಯಲ್ಲಿ ಮರುಹೇಳಿಕೆಯಾಗಿ ಕೊಟ್ಟರು. ಪಂಚ ಸಾಕ್ಷಿಗಳ ಮುಂದೆ ಹಲಗೆ ತಿರುಗಿಸಿದಾಗ ಸ್ಕೇಲು ಅಲ್ಲೇ ಇತ್ತು, ಅದರ ಮೇಲೆ ಮಗಳ ಹೆಸರೂ ಇತ್ತು. ನ್ಯಾಯಾಲಯ ಮಷೀನನ್ನು ಅವರಿಗೆ ಕೊಡಿಸಿತು.

ಅದನ್ನು ಒಪ್ಪಿಸುವ ದಿನ ನಾನೂ ಠಾಣೆಗೆ ಹೋಗಿದ್ದೆ. ಅಂದು ಫೋನಿನಲ್ಲಿ ಅತ್ತ ಕಾನ್‌ಸ್ಟೇಬಲ್ಲೇ ರಸೀದಿ ಮುಂದಿಟ್ಟಳು. ಮೊದಲ ದೂರಿಗೆ ತುಟಿಪಿಟಕ್ಕೆನ್ನದೆ ಹೆಬ್ಬೆಟ್ಟು ಒತ್ತಿದ್ದ ಖಾಲಾ ಈಗ ಕೈ ಹಿಂದಕ್ಕೆಳೆದುಕೊಂಡರು.

“ಮೊದ್ಲ ಓದಿ ಹೇಳವ್ವ.”

ಅವಳು ಓದಿದಳು. ಖಾಲಾ ಪೂರ್ತಿ ಕೇಳಿ ತಲೆಯಾಡಿಸಿದರು. “ಸ್ಕೇಲ್ ಬಿಟ್ಟಿ ನೋಡು. ಅದನ್ನೂ ಬರಿ.”